ಪಾಸ್‌ಪೋರ್ಟ್ ಮೇಜಿನ ಮುಂದೆ ಭಾಷೆಯ ಪರೀಕ್ಷೆ

ನೃತ್ಯಪಟು ಸಲ್ಮಾನ್ ಯೂಸುಫ್ ಖಾನ್ 2023ರ ಮಾರ್ಚ್‌ನಲ್ಲಿ ಇನ್‌ಸ್ಟಾಗ್ರಾಮ್‌ಗೆ ಹಾಕಿದ ಒಂದು ವಿಡಿಯೊ ಕೆಲವು ದಿನಗಳ ಮಟ್ಟಿಗೆ ಕರ್ನಾಟಕವನ್ನು ಎರಡು ಪಂಗಡಗಳಾಗಿ ಒಡೆದಿತ್ತು. ದುಬೈಗೆ ಹೊರಟಿದ್ದ ಅವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಲಸೆ ತಪಾಸಣೆಯ ಮೇಜಿನ ಮುಂದೆ ನಿಂತಾಗ ಅಲ್ಲಿದ್ದ ಅಧಿಕಾರಿ ಕನ್ನಡದಲ್ಲಿ ಮಾತನಾಡಿಸಿದರು. ತನಗೆ ಕನ್ನಡ ಅರ್ಥವಾಗುತ್ತದೆ, ಸರಾಗವಾಗಿ ಆಡಲು ಬರುವುದಿಲ್ಲ ಎಂದು ಅರೆಬರೆ ಕನ್ನಡದಲ್ಲಿಯೇ ತಿಳಿಸಿದರೂ ಅವರು ಬಿಡಲಿಲ್ಲ. ತಂದೆ ಮಗ ಇಬ್ಬರೂ ಬೆಂಗಳೂರಿನಲ್ಲಿ ಹುಟ್ಟಿದವರು, ಆದರೂ ಕನ್ನಡ ಬರುವುದಿಲ್ಲವೇ ಎಂದು ಪಾಸ್‌ಪೋರ್ಟನ್ನು ತೋರಿಸಿ ಕೇಳಿದರು. ನಿನ್ನನ್ನು ಶಂಕಿಸಬಹುದು ಎಂಬ ಮಾತನ್ನೂ ಆಡಿದರು. ಇದು ಖಾನ್ ಅವರ ದೂರು. ತಮ್ಮ ಬಾಲ್ಯ ಸೌದಿ ಅರೇಬಿಯಾದಲ್ಲಿ ಕಳೆಯಿತೆಂಬುದು ಅವರು ಕೊಟ್ಟ ವಿವರಣೆ. ಇದು ಒಂದು ಪಕ್ಷದ ಹೇಳಿಕೆಯೆಂಬುದನ್ನು ಮರೆಯದೆಯೇ ನಾವು ಮುಂದುವರಿಯಬೇಕು.

ಪ್ರತಿಕ್ರಿಯೆಗಳು ನಿರೀಕ್ಷಿಸಿದಂತೆಯೇ ಬಂದವು. ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿಗನೆಂದು ಹೇಳಿಕೊಳ್ಳುವವರಿಗೆ ನಾಲ್ಕು ಮಾತು ಕನ್ನಡ ಬರಬೇಡವೇ, ಆ ಅಧಿಕಾರಿಗೆ ಸನ್ಮಾನ ಮಾಡಬೇಕು ಎಂದರು ಕೆಲವರು. ಕನ್ನಡದ ಹೆಸರಿನಲ್ಲಿ ಪ್ರಯಾಣಿಕರಿಗೆ ಕಿರುಕುಳ ಕೊಡುವುದೇ, ಇದೇನು ಬೇರೆ ದೇಶವೇ ಎಂದರು ಇನ್ನು ಕೆಲವರು. ಹಿಂದಿ ರಾಷ್ಟ್ರಭಾಷೆಯೆಂಬ ಹಳೆಯ ತಪ್ಪು ಕಲ್ಪನೆಯೂ ಈ ನಡುವೆ ತಲೆಯೆತ್ತಿತು. ಸಂವಿಧಾನದ 343ನೇ ವಿಧಿ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆಯೆಂದು ಮಾತ್ರ ಹೇಳುತ್ತದೆಂದು ಮತ್ತೊಮ್ಮೆ ವಿವರಿಸಬೇಕಾಯಿತು. ವಾರ ಕಳೆಯುವಷ್ಟರಲ್ಲಿ ಎಲ್ಲರೂ ಬೇರೆ ಸುದ್ದಿಯ ಕಡೆಗೆ ಹೊರಳಿದರು. ಆ ಮೇಜಿನ ಮುಂದೆ ನಿಜವಾಗಿ ಉದ್ಭವಿಸಿದ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯಿತು. ಸರ್ಕಾರ ಮತ್ತು ಪ್ರಜೆ ಎದುರುಬದುರಾದಾಗ ಭಾಷೆಯನ್ನು ಆರಿಸಿಕೊಳ್ಳುವ ಹಕ್ಕು ಯಾರದು?

ನಾನು ಕೊಟ್ಟೂರಿನ ಕಡೆಯವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕುಗಳಿಂದ ವಿಮಾನ ಏರುವವರು ಕಡಿಮೆ. ಬೇಸಿಗೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಮಲೆನಾಡಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕಾಮಗಾರಿಗಳಿಗೆ ಗುಳೆ ಹೋಗುವವರು ಹೆಚ್ಚು. ಆದರೂ ಆ ದಿನಗಳಲ್ಲಿ ಈ ವಿಷಯ ನಮ್ಮಲ್ಲಿಯೂ ಚರ್ಚೆಗೆ ಬಂದಿತ್ತು. ಕೊಟ್ಟೂರಿನ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಬಹುಮತ ಅಧಿಕಾರಿಯ ಪರವಾಗಿತ್ತು. ಹಗರಿಬೊಮ್ಮನಹಳ್ಳಿಯ ನಿವೃತ್ತ ಶಿಕ್ಷಕರೊಬ್ಬರು, 'ಅಲ್ಲಿ ಕನ್ನಡ ಕೇಳಿದ ಒಬ್ಬ ಅಧಿಕಾರಿಯಾದರೂ ಇದ್ದಾನಲ್ಲ, ನಮ್ಮೂರ ಬ್ಯಾಂಕಿನಲ್ಲಿ ಅಷ್ಟೂ ಇಲ್ಲ' ಎಂದು ನಕ್ಕರು. ಕೂಡ್ಲಿಗಿ ತಾಲ್ಲೂಕಿನ ತಾಂಡಾವೊಂದರಿಂದ ಕಟ್ಟಡ ಕೆಲಸಕ್ಕೆ ಹೋಗುವ ತರುಣನದು ಒಂದೇ ಪ್ರಶ್ನೆ: 'ಕಡೆಗೆ ಆತನಿಗೆ ವಿಮಾನ ಸಿಕ್ಕಿತೋ ಇಲ್ಲವೋ?'

ನನ್ನ ಮನಸ್ಸಿನಲ್ಲಿ ಉಳಿದದ್ದು ಹರಪನಹಳ್ಳಿಯ ಹಿರಿಯರೊಬ್ಬರ ಮಾತು. ಅವರ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಂತೆಯಲ್ಲಿ ಒಂದಿಷ್ಟು ತೆಲುಗು. ಮಕ್ಕಳು ಕನ್ನಡ ಶಾಲೆಯಲ್ಲಿಯೇ ಓದಿದವರು. 'ಕನ್ನಡ ಬರಬೇಕು ಅನ್ನುವುದು ಸರಿ. ಆದರೆ ಬರುವುದಿಲ್ಲ ಅಂದ ಕೂಡಲೇ ಶಂಕಿಸುತ್ತೇನೆ ಅಂದರೆ ಹೇಗೆ? ಇದೇ ಮಾತನ್ನು ಬೇರೆ ಹೆಸರಿನವರಿಗೂ ಅನ್ನುತ್ತಿದ್ದರೇ?' ಎಂದು ಅವರು ಮೆಲ್ಲಗೆ ಕೇಳಿದರು. ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತೆಂದು ನಾವು ಊಹಿಸಬೇಕಾಗಿಲ್ಲ. ಆದರೆ ಕನ್ನಡದಲ್ಲಿಯೇ ಬದುಕಿದ ಒಬ್ಬ ವೃದ್ಧರಿಗೆ ಕನ್ನಡದ ಪರವಾದ ಮಾತಿನಲ್ಲಿ ತಮ್ಮ ಬಗೆಗಿನ ಅನುಮಾನ ಕೇಳಿಸಿತೆಂದರೆ, ಅದು ಕನ್ನಡಕ್ಕೆ ಆದ ನಷ್ಟ.

ವಾಸ್ತವವಾಗಿ ಆ ಮೇಜಿನ ಮುಂದೆ ಎರಡು ಸಂಗತಿಗಳು ನಡೆದವು. ಚರ್ಚಿಸಿದವರು ಅವೆರಡನ್ನೂ ಒಂದಾಗಿ ಬೆರೆಸಿಬಿಟ್ಟರು. ಬೆಂಗಳೂರಿನಲ್ಲಿ ಕುಳಿತ ಅಧಿಕಾರಿ ಪ್ರಯಾಣಿಕನನ್ನು ಮೊದಲು ಕನ್ನಡದಲ್ಲಿ ಮಾತನಾಡಿಸುವುದು ಸೌಜನ್ಯ ಮಾತ್ರವಲ್ಲ, ಕರ್ತವ್ಯವೂ ಹೌದು. ಅದನ್ನು ಆಕ್ಷೇಪಿಸಿದವರಿಗೆ ಕರ್ನಾಟಕ ಎಂದರೆ ಏನೆಂದೇ ತಿಳಿದಿಲ್ಲ. ಎದುರಿಗಿದ್ದವನಿಗೆ ಆ ಭಾಷೆ ಬಾರದೆಂದು ತಿಳಿದ ಮೇಲೆ ಅದನ್ನೇ ಶಂಕೆಗೆ ಆಧಾರ ಮಾಡಿಕೊಳ್ಳುವುದು ಮಾತ್ರ ಬೇರೆಯ ಸಂಗತಿ. ವಲಸೆ ಬ್ಯೂರೊ ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದೆ. ಪಾಸ್‌ಪೋರ್ಟ್ ಅಸಲಿಯೇ, ವೀಸಾ ಸರಿಯಿದೆಯೇ, ಈ ವ್ಯಕ್ತಿಯ ಪ್ರಯಾಣವನ್ನು ತಡೆಯಬೇಕೆಂಬ ಆದೇಶವೇನಾದರೂ ಇದೆಯೇ ಎಂದು ನೋಡುವುದು ಅಲ್ಲಿನ ಕೆಲಸ. ಅಧಿಕಾರಿ ಅನುಮಾನ ಬಂದರೆ ಇನ್ನಷ್ಟು ಪ್ರಶ್ನೆಗಳನ್ನು ಕೇಳಲಿ. ಆದರೆ ಹುಟ್ಟಿದ ಊರಿನ ಭಾಷೆ ಬಾರದಿರುವುದು ಯಾವ ಕಾನೂನಿನಲ್ಲಿಯೂ ಅಪರಾಧದ ಸುಳಿವಲ್ಲ.

ಅದರಲ್ಲಿಯೂ ಜನ್ಮಸ್ಥಳ ಎಂಬ ಕಾಲಂ ಎಷ್ಟು ದುರ್ಬಲ ಸಾಕ್ಷಿಯೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. 1950ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರೊಬ್ಬರನ್ನು ತೆಗೆದುಕೊಳ್ಳಿ. ಹುಟ್ಟಿದಾಗ ಅವರು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆಲೂರು, ಆದೋನಿ, ರಾಯದುರ್ಗಗಳು ಅತ್ತ ಹೋದವು, ಇವರು ಮೈಸೂರು ರಾಜ್ಯಕ್ಕೆ ಬಂದರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಇವರು ದಾವಣಗೆರೆ ಜಿಲ್ಲೆಯವರಾದರು, ಆಮೇಲೆ ಮತ್ತೆ ಬಳ್ಳಾರಿಯವರಾದರು, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಇಷ್ಟೆಲ್ಲ ಆದದ್ದು ಮನೆಯ ಹೊಸ್ತಿಲು ದಾಟದೆಯೇ! ಅವರ ಮಾತು ಬದಲಾಗಲಿಲ್ಲ, ಕಾಗದಗಳು ಮಾತ್ರ ಬದಲಾದವು.

ಕನ್ನಡಕ್ಕೂ ಮನೆಮಾತಿಗೂ, ಹುಟ್ಟಿಗೂ ನಂಟು ಹಾಕುವವರು ನಮ್ಮದೇ ಚರಿತ್ರೆಯನ್ನೂ ಮರೆತಿದ್ದಾರೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರುವ ಹೊತ್ತಿನ ಕಲಹದಲ್ಲಿ ಕನ್ನಡದ ಪರವಾಗಿ ಪ್ರಾಣ ತೆತ್ತವರು ಪಿಂಜಾರ ರಂಜಾನ್ ಸಾಬ್. ಏಕೀಕರಣದ ಹುತಾತ್ಮರೆಂದು ಇಂದಿಗೂ ಅವರನ್ನು ಸ್ಮರಿಸುತ್ತೇವೆ. ಸಣ್ಣಕಥೆಗಳ ಜನಕ ಮಾಸ್ತಿಯವರ ಮನೆಮಾತು ತಮಿಳು, ವರಕವಿ ಬೇಂದ್ರೆಯವರದು ಮರಾಠಿ. ಇವರ ಕನ್ನಡವನ್ನು ಯಾವ ಮೇಜಿನ ಮುಂದೆಯೂ ಪರೀಕ್ಷಿಸಬೇಕಾಗಲಿಲ್ಲ.

ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್, ಎಂದರೆ ನಮ್ಮೆಲ್ಲರ ಬೀಚಿ, ಮೊದಮೊದಲು ಕನ್ನಡವೆಂದರೆ ಮೂಗು ಮುರಿಯುತ್ತಿದ್ದವರು. ಪೊಲೀಸ್ ಇಲಾಖೆಯ ನೌಕರರಾಗಿದ್ದ ಅವರನ್ನು ಕನ್ನಡದ ಕಡೆಗೆ ಎಳೆದದ್ದು ಅನಕೃ ಅವರ ಕಾದಂಬರಿ 'ಸಂಧ್ಯಾರಾಗ'. ಅದನ್ನು ಓದಿದ ಮೇಲೆ ಅವರು ಕನ್ನಡಕ್ಕೆ ಒಲಿದರು. ಅನಂತರ ಕನ್ನಡದ ಓದುಗರನ್ನು ದಶಕಗಳ ಕಾಲ ನಗಿಸಿದರು. ಆ ದಿನಗಳಲ್ಲಿ ಯಾರಾದರೂ ಅಧಿಕಾರಿ ಅವರನ್ನು ತಡೆದು, 'ಹರಪನಹಳ್ಳಿಯಲ್ಲಿ ಹುಟ್ಟಿ ಕನ್ನಡ ಬೇಡವೇ, ನಿನ್ನನ್ನು ಶಂಕಿಸುತ್ತೇನೆ' ಎಂದಿದ್ದರೆ ಬೀಚಿ ಅದರ ಮೇಲೊಂದು ನಗೆಬರಹ ಬರೆಯುತ್ತಿದ್ದರೇನೋ, ಆದರೆ ಕನ್ನಡದಲ್ಲಿ ಬರೆಯುತ್ತಿದ್ದರೆಂಬ ಭರವಸೆ ನನಗಿಲ್ಲ.

ಖ್ಯಾತನಾಮರ ದೂರಿಗೆ ಸಿಗುವ ಗಮನದ ಬಗೆಗೂ ಒಂದು ಮಾತು ಹೇಳಬೇಕು. 2009ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಶಾರುಖ್ ಖಾನ್ ಅವರನ್ನು ತಡೆದು ಪ್ರಶ್ನಿಸಿದಾಗ ದೇಶವೇ ಸಿಟ್ಟಿಗೆದ್ದಿತ್ತು. 2012ರಲ್ಲಿ ನ್ಯೂಯಾರ್ಕ್ ಸಮೀಪದ ವೈಟ್ ಪ್ಲೇನ್ಸ್‌ನಲ್ಲಿ, 2016ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದೇ ಮರುಕಳಿಸಿತು. ಕೊನೆಯ ಸಲ ಅವರು ಟ್ವಿಟರ್‌ನಲ್ಲಿ ಬೇಸರ ತೋಡಿಕೊಂಡಾಗ ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿಯೇ ವಿಷಾದ ವ್ಯಕ್ತಪಡಿಸಿದರು. ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರನ್ನು 2009ರಲ್ಲಿ ದೆಹಲಿ ನಿಲ್ದಾಣದಲ್ಲಿಯೇ ಅಮೆರಿಕದ ವಿಮಾನ ಸಂಸ್ಥೆಯೊಂದರ ಸಿಬ್ಬಂದಿ ತಪಾಸಣೆಗೆ ಒಳಪಡಿಸಿದ್ದರು. ಕಲಾಂ ತಾವಾಗಿ ದೂರಲಿಲ್ಲ; ತಿಂಗಳುಗಳ ಅನಂತರ ಸುದ್ದಿ ಹೊರಬಿದ್ದಾಗ ಸಂಸ್ಥೆ ಕ್ಷಮೆ ಕೇಳಿತು. ದೂರಿದರೂ ದೂರದಿದ್ದರೂ ಪ್ರಸಿದ್ಧರಿಗೆ ಕ್ಷಮೆ ಸಿಗುತ್ತದೆ. ಅದೇ ಸಾಲಿನಲ್ಲಿ ನಿಂತ ಹೆಸರಿಲ್ಲದವರ ಕತೆ ಬೇರೆ.

ಅಂಥವರೂ ನಮ್ಮ ಕಡೆಯಿಂದ ಹೋಗುತ್ತಾರೆ. ಕೊಲ್ಲಿ ದೇಶವೊಂದರಲ್ಲಿ ಚಾಲಕನ ಕೆಲಸವೋ ಗಾರೆ ಕೆಲಸವೋ ಸಿಕ್ಕಿತೆಂದು ಸಾಲ ಮಾಡಿ ಹೊರಟ ಯುವಕನನ್ನು ಊಹಿಸಿಕೊಳ್ಳಿ. ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ವಲಸೆ ತಪಾಸಣೆ ಅಗತ್ಯ' ಎಂದು ನಮೂದಾಗಿರುತ್ತದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಂತೆ ಅಂಥವರು ಗೊತ್ತುಪಡಿಸಿದ 18 ದೇಶಗಳಿಗೆ ದುಡಿಯಲು ಹೋಗುವಾಗ ಮುಂಚೆಯೇ ಅನುಮತಿ ಪಡೆದಿರಬೇಕು. ಏಜೆಂಟರ ಮೋಸದಿಂದ ಅವರನ್ನು ಕಾಪಾಡುವುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಕಾಗದದಲ್ಲಿ ಏನೋ ಕೊರತೆಯಿದೆಯೆಂದು ಆತನನ್ನು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಪ್ರಶ್ನಿಸಿದರೆ ಆತ ಏನು ಉತ್ತರ ಕೊಟ್ಟಾನು? ವಿಮಾನ ತಪ್ಪಿದರೆ ಆತನಿಗೆ ಉಳಿಯುವುದು ಸಾಲ. ವಿಡಿಯೊ ಮಾಡಿ ಹಾಕಿದರೂ ನೋಡುವವರು ಯಾರು? ಆ ಮೇಜಿನ ಹಿಂದೆ ಕನ್ನಡ ಬಲ್ಲ ಅಧಿಕಾರಿಯೊಬ್ಬರು ಇರುವುದು ಈತನಿಗೆ ಅಭಿಮಾನದ ವಿಷಯಕ್ಕಿಂತ ಮೊದಲು ಬದುಕಿನ ವಿಷಯ.

ಇದೇ ಕಾರಣಕ್ಕೆ ನಾನು ಖಾನ್ ಅವರ ಪರ ನಿಂತವರ ಮಾತನ್ನೂ ಪೂರ್ತಿ ಒಪ್ಪಲಾರೆ. ಭಾಷೆ ಬಾರದವನನ್ನು ಮೇಜಿನ ಮುಂದೆ ಅವಮಾನಿಸಬಾರದೆಂಬ ತತ್ವ ಅವರಿಗೆ ಒಪ್ಪಿಗೆಯಾದರೆ, ಅದು ನಮ್ಮೂರಿನ ಕೌಂಟರುಗಳಿಗೂ ಅನ್ವಯಿಸಬೇಕು. ಬೆಂಗಳೂರಿನ ಹೊರವಲಯದ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ವ್ಯವಸ್ಥಾಪಕರೊಬ್ಬರು ಗ್ರಾಹಕರೊಡನೆ ಕನ್ನಡದಲ್ಲಿ ಮಾತನಾಡುವುದಿಲ್ಲವೆಂದು ಹಟ ಹಿಡಿದ ವಿಡಿಯೊ 2025ರ ಮೇ ತಿಂಗಳಲ್ಲಿ ಹರಡಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಖಂಡಿಸಿದರು, ಅಧಿಕಾರಿಯ ವರ್ಗಾವಣೆಯಾಯಿತು. ರಾಜಧಾನಿಯ ಪಕ್ಕದಲ್ಲಿ ನಡೆದದ್ದರಿಂದ ಅದು ಸುದ್ದಿಯಾಯಿತು. ನಮ್ಮ ತಾಲ್ಲೂಕುಗಳಲ್ಲಿ ಬೆಳೆ ಸಾಲದ ನವೀಕರಣಕ್ಕೆ ಬಂದ ರೈತರು, ಪಿಂಚಣಿಗೆ ಬಂದ ವೃದ್ಧೆಯರು ಅರ್ಥವಾಗದ ಭಾಷೆಯ ಎದುರು ತಲೆತಗ್ಗಿಸಿ ನಿಂತು, ಪಕ್ಕದವರ ಕಡೆಗೆ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರದೇ ನೆಲದಲ್ಲಿ ಅವರನ್ನು ಪರಕೀಯರನ್ನಾಗಿ ಮಾಡುವ ಆ ಗಳಿಗೆಗೂ, ವಿಮಾನ ನಿಲ್ದಾಣದಲ್ಲಿ ಖಾನ್ ಅನುಭವಿಸಿದೆನೆಂದು ಹೇಳುವ ಮುಜುಗರಕ್ಕೂ ಮೂಲ ಒಂದೇ. ಕೌಂಟರಿನ ಆಚೆಗಿರುವವರು ಭಾಷೆಯನ್ನು ತಮ್ಮ ಅಧಿಕಾರದ ಅಂಗವೆಂದು ತಿಳಿದಿದ್ದಾರೆ.

ಸಂವಿಧಾನದ ದೃಷ್ಟಿ ಇದಕ್ಕೆ ವಿರುದ್ಧವಾಗಿದೆ. ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಪ್ರಜೆ ತನ್ನ ಕುಂದುಕೊರತೆಯನ್ನು ಅಧಿಕಾರಿಗೆ ಸಲ್ಲಿಸಬಹುದೆಂದು 350ನೇ ವಿಧಿ ಹೇಳುತ್ತದೆ. ಅದು ಬರೆದುಕೊಟ್ಟ ಮನವಿಯ ಕುರಿತು ಹೇಳಿದ್ದು ನಿಜ. ಆದರೂ ಅದರ ಹಿಂದಿನ ವಿವೇಕ ಸ್ಪಷ್ಟವಾಗಿದೆ: ಭಾಷೆಯ ಆಯ್ಕೆ ದೂರುವವನದು, ಕೇಳಿಸಿಕೊಳ್ಳುವ ಹೊಣೆ ಅಧಿಕಾರಿಯದು. ಈ ತತ್ವವನ್ನು ಒಪ್ಪಿದರೆ ಎರಡೂ ಪಂಗಡಗಳ ಜಗಳಕ್ಕೆ ಅರ್ಥವಿರುವುದಿಲ್ಲ. ರೈತನಿಗೆ ಕನ್ನಡದಲ್ಲಿ ಉತ್ತರ ಕೊಡಲೇಬೇಕು. ಕನ್ನಡ ಬಾರದ ಪ್ರಯಾಣಿಕನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ಪ್ರಶ್ನೆ ಕೇಳಬೇಕು.

ಕನ್ನಡಿಗರ ಆತಂಕಕ್ಕೆ ಆಧಾರವಿಲ್ಲವೆಂದು ನಾನು ಹೇಳುತ್ತಿಲ್ಲ. ದಶಕಗಳ ಕಾಲ ಬೆಂಗಳೂರಿನಲ್ಲಿದ್ದೂ ಒಂದು ಕನ್ನಡ ವಾಕ್ಯದ ಅಗತ್ಯ ಬೀಳದಂತೆ ಬದುಕಬಹುದಾದ ಸ್ಥಿತಿ ಇದೆ. ಅದಕ್ಕೆ ಹೊರಗಿನವರಷ್ಟೇ ನಾವೂ ಕಾರಣ. ಕಲಿಯಲು ಬಯಸುವವರಿಗೆ ಸಂಜೆ ತರಗತಿಗಳು ಸುಲಭವಾಗಿ ಸಿಗಬೇಕು. ಕೇಂದ್ರ ಸರ್ಕಾರದ ಕಚೇರಿಗಳಿಗೆ, ಬ್ಯಾಂಕುಗಳಿಗೆ, ರೈಲ್ವೆಗೆ ಇಲ್ಲಿ ನೇಮಕವಾಗುವವರಿಗೆ ಕನ್ನಡದ ಕಡ್ಡಾಯ ತರಬೇತಿ ಇರಬೇಕು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2019ರಲ್ಲಿ ಕೇಂದ್ರ ಹಣಕಾಸು ಸಚಿವರು ಪ್ರಕಟಿಸಿದ್ದು ಒಂದು ಒಳ್ಳೆಯ ಹೆಜ್ಜೆ. ಅದು ಉಳಿದ ಹುದ್ದೆಗಳಿಗೂ ವಿಸ್ತರಿಸಬೇಕು. ವಲಸೆ ತಪಾಸಣೆಯ ಪ್ರತಿ ಪಾಳಿಯಲ್ಲಿಯೂ ಕನ್ನಡ ಬಲ್ಲವರಿರಬೇಕು. ದೂರು ಕೊಡುವುದು ಎಲ್ಲಿ, ಯಾರಿಗೆ ಎಂಬ ಫಲಕ ಆ ಮೇಜಿನ ಪಕ್ಕದಲ್ಲಿಯೇ ಕನ್ನಡದಲ್ಲಿ ಕಾಣುವಂತಿರಬೇಕು. ಲಕ್ಷಾಂತರ ಅಭಿಮಾನಿಗಳಿಲ್ಲದ ಪ್ರಯಾಣಿಕನಿಗೆ ಇನ್‌ಸ್ಟಾಗ್ರಾಮ್‌ಗಿಂತ ಅಂಥ ಒಂದು ಫಲಕ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇವೆಲ್ಲ ನಿಧಾನವಾಗಿ ಆಗುವ ಕೆಲಸಗಳು. ಇವುಗಳಲ್ಲಿ ವಿಡಿಯೊದ ರಭಸವಿಲ್ಲ, ಸನ್ಮಾನದ ಹಾರವೂ ಇಲ್ಲ. ಮುಂದಿನ ಸಲ ಇಂಥದೇ ವಿಡಿಯೊ ಬಂದಾಗ ಯಾರ ಪರ ಎಂದು ನಿರ್ಧರಿಸುವ ಮೊದಲು, ಕೂಡ್ಲಿಗಿಯ ತಾಂಡಾದಿಂದ ಮೊದಲ ಸಲ ವಿಮಾನ ಏರಲು ಬಂದ ಹುಡುಗನನ್ನೂ ಆ ಸಾಲಿನಲ್ಲಿ ನಿಲ್ಲಿಸಿ ನೋಡುವುದು ಒಳ್ಳೆಯದು. ಆತನಿಗೆ ಏನು ಸಲ್ಲಬೇಕೆಂದು ನಾವು ಬಯಸುತ್ತೇವೆಯೋ ಅದೇ ಆತನ ಹಿಂದೆ ನಿಂತ, ಕನ್ನಡ ಬಾರದ ನೃತ್ಯಪಟುವಿಗೂ ಸಲ್ಲಬೇಕು.