ಬೀಳುವವನಿಗಾಗಿ ನೆಲ ಹದಮಾಡಿದ ಕಥೆ

2021ರ ಜನವರಿ 6ರಂದು, ಸೌದಿ ಅರೇಬಿಯದ ಮರುಭೂಮಿಯಲ್ಲಿ ನಡೆಯುತ್ತಿದ್ದ ಡಾಕಾರ್ ರ‍್ಯಾಲಿಯ ನಾಲ್ಕನೆಯ ಹಂತದಲ್ಲಿ, ಬೆಂಗಳೂರಿನ ಬೈಕ್ ಸವಾರ ಸಿ. ಎಸ್. ಸಂತೋಷ್ ಬಿದ್ದು ತಲೆಗೆ ತೀವ್ರವಾದ ಪೆಟ್ಟು ಮಾಡಿಕೊಂಡರು. ಹೆಲಿಕಾಪ್ಟರು ಅವರನ್ನು ರಿಯಾದಿನ ಆಸ್ಪತ್ರೆಗೆ ಹೊತ್ತೊಯ್ದಿತು. ವೈದ್ಯರು ಔಷಧದ ಬಲದಿಂದ ಅವರನ್ನು ಗಾಢನಿದ್ರೆಯಲ್ಲಿರಿಸಿ ಮಿದುಳಿಗೆ ವಿಶ್ರಾಂತಿ ಕೊಟ್ಟರು. 2015ರಲ್ಲಿ ಇದೇ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರೆಂಬ ಕೀರ್ತಿಗೆ ಪಾತ್ರರಾಗಿದ್ದ ಈ ಕನ್ನಡನಾಡಿನ ಸವಾರ ಬದುಕಿ ಊರಿಗೆ ಮರಳಿದರು. ಅವರದೇ ತಂಡದ ಪೋರ್ಚುಗಲ್ ದೇಶದ ಪೌಲೊ ಗೊನ್ಸಾಲ್ವೆಸ್ ಮಾತ್ರ 2020ರ ಜನವರಿ 12ರಂದು ಸೌದಿಯ ಮರಳಿನಲ್ಲಿ ಬಿದ್ದವರು ಮತ್ತೆ ಏಳಲಿಲ್ಲ.

ಆಯುಸ್ಸು ಗಟ್ಟಿಯಾಗಿದ್ದವನು ಉಳಿದನೆಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಆದರೆ ಆ ಎರಡು ಜನವರಿಗಳ ನಡುವೆ ವ್ಯವಸ್ಥಾಪಕರು ಕೈಕಟ್ಟಿ ಕುಳಿತಿರಲಿಲ್ಲವೆಂಬುದನ್ನು ಗಮನಿಸಬೇಕು. ಪ್ರತಿಯೊಬ್ಬ ಬೈಕ್ ಸವಾರನೂ ಬಿದ್ದ ಕ್ಷಣದಲ್ಲಿ ತಾನೇ ಉಬ್ಬಿ ಎದೆ ಬೆನ್ನುಗಳನ್ನು ಕಾಯುವ ಗಾಳಿಯಂಗಿಯನ್ನು ತೊಡಲೇಬೇಕೆಂಬ ನಿಯಮ 2021ರ ರ‍್ಯಾಲಿಯಿಂದ ಜಾರಿಗೆ ಬಂತು. ಅಪಾಯದ ತಾಣಗಳಿಗೆ ವೇಗದ ಮಿತಿ ಬಂತು. ದಾರಿಯ ವಿವರವುಳ್ಳ ಪುಸ್ತಕವನ್ನು ಹೊರಡುವ ಕೆಲವೇ ನಿಮಿಷಗಳ ಮೊದಲು ಕೊಡುವ ಪದ್ಧತಿ ಬಂದುದರಿಂದ, ಇಡೀ ರಾತ್ರಿ ಕುಳಿತು ನಕ್ಷೆ ಬಿಡಿಸಿಕೊಂಡು ಮರುದಿನ ಕಣ್ಣುಮುಚ್ಚಿ ಧಾವಿಸುವ ಅಭ್ಯಾಸಕ್ಕೂ ತಡೆ ಬಿತ್ತು. ಇಷ್ಟಾದರೂ ಅದೇ ವರ್ಷದ ರ‍್ಯಾಲಿಯಲ್ಲಿ ಬಿದ್ದ ಫ್ರಾನ್ಸಿನ ಸವಾರ ಪಿಯೆರ್ ಶೆರ್ಪಾನ್ ತೀರಿಕೊಂಡರೆಂಬುದನ್ನು ಮರೆಯಲಾಗದು.

ತೇರಗಾಂವ, ಹಳಿಯಾಳಗಳ ಆಸುಪಾಸಿನವರಾದ ನಮಗೆ ಕುಸ್ತಿಯ ಅಖಾಡ ಚಿರಪರಿಚಿತ. ಜೋಡಿ ಹಿಡಿಯುವ ಮೊದಲು ಅಲ್ಲಿಯ ಮಣ್ಣನ್ನು ಅಗೆದು, ಕಲ್ಲು ಹೆಕ್ಕಿ, ಎಣ್ಣೆ ಮಜ್ಜಿಗೆ ಅರಿಸಿನಗಳನ್ನು ಬೆರೆಸಿ ಹದಗೊಳಿಸುತ್ತಾರೆ. ಬೀಳುವವನಾರೆಂದು ಯಾರಿಗೂ ತಿಳಿಯದು, ಆದರೆ ಒಬ್ಬನು ಬಿದ್ದೇ ಬೀಳುವನೆಂಬುದು ಎಲ್ಲರಿಗೂ ಗೊತ್ತು. ಆದುದರಿಂದ ನೆಲವನ್ನು ಮೊದಲೇ ಸಿದ್ಧಪಡಿಸುವುದು ಹಿರಿಯರ ಹೊಣೆ. ಮೋಟಾರು ರೇಸಿನ ಜಗತ್ತು ಇಷ್ಟು ಸರಳವಾದ ವಿವೇಕವನ್ನು ಕಲಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು.

1966ರ ಜೂನ್‌ನಲ್ಲಿ ಬೆಲ್ಜಿಯಮ್ಮಿನ ಸ್ಪಾ ಎಂಬಲ್ಲಿ ನಡೆದ ಫಾರ್ಮುಲಾ ಒನ್ ಕಾರು ಓಟದಲ್ಲಿ, ಮೊದಲ ಸುತ್ತಿನಲ್ಲಿಯೇ ಸುರಿದ ಮಳೆಯಲ್ಲಿ, ಸ್ಕಾಟ್ಲೆಂಡಿನ ಜಾಕಿ ಸ್ಟುವರ್ಟರ ಕಾರು ರಸ್ತೆ ಬಿಟ್ಟು ಹಾರಿ ನಜ್ಜುಗುಜ್ಜಾಯಿತು. ಸೋರುತ್ತಿದ್ದ ಪೆಟ್ರೋಲಿನಲ್ಲಿ ಮೈ ನೆನೆದು, ಒಂದು ಕಿಡಿ ಹಾರಿದರೆ ಭಸ್ಮವಾಗುವ ಸ್ಥಿತಿಯಲ್ಲಿ, ಅವರು ಸುಮಾರು 25 ನಿಮಿಷ ಸಿಲುಕಿಕೊಂಡಿದ್ದರು. ಅವರನ್ನು ಬಿಡಿಸಿದವರು ಸಹಸ್ಪರ್ಧಿಗಳಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್; ಸ್ಟಿಯರಿಂಗ್ ಚಕ್ರವನ್ನು ಕಳಚಲು ಬೇಕಾದ ಪಾನಾ ಕೂಡ ಪ್ರೇಕ್ಷಕನೊಬ್ಬನಿಂದ ಬೇಡಿ ತಂದುದು! ಆಸ್ಪತ್ರೆಗೆ ಹೊರಟ ಆಂಬುಲೆನ್ಸು ದಾರಿ ತಪ್ಪಿತು. ಅಂದಿನಿಂದ ಸ್ಟುವರ್ಟರು ತಮ್ಮ ಕಾರಿನಲ್ಲಿ ಪಾನಾ ಇಟ್ಟುಕೊಂಡೇ ಓಡಿಸಿದರು. ಅಷ್ಟಕ್ಕೇ ನಿಲ್ಲದೆ, ತಡೆಗೋಡೆ ಎಲ್ಲಿ, ವೈದ್ಯರೆಲ್ಲಿ, ಬೆಂಕಿ ನಂದಿಸುವವರೆಲ್ಲಿ ಎಂದು ಪ್ರತಿಯೊಂದು ಊರಿನಲ್ಲಿಯೂ ಕೇಳತೊಡಗಿದರು. ಮೂರು ಸಲ ವಿಶ್ವವಿಜೇತರಾದ ಅವರನ್ನು ಹೇಡಿಯೆಂದು ಹಳಿದವರುಂಟು. ನನ್ನ ಮಟ್ಟಿಗೆ, ಆ ಮೂರು ಪ್ರಶಸ್ತಿಗಳಿಗಿಂತ ಈ ನಿಂದೆಯನ್ನು ಸಹಿಸಿದ ಧೈರ್ಯವೇ ದೊಡ್ಡದು.

ಕೇಳಿದವರ ಕಿವಿ ಮಾತ್ರ ಬೇಗ ತೆರೆಯಲಿಲ್ಲ. 1973ರಲ್ಲಿ ನೆದರ್ಲೆಂಡ್ಸಿನ ಜಾಂಡ್‌ವೋರ್ಟ್‌ನಲ್ಲಿ ತಲೆಕೆಳಗಾಗಿ ಉರಿಯುತ್ತಿದ್ದ ಕಾರಿನೊಳಗೆ ರೋಜರ್ ವಿಲಿಯಮ್ಸನ್ ಸಿಕ್ಕಿಬಿದ್ದಾಗ, ತನ್ನ ಓಟವನ್ನೇ ಬಿಟ್ಟು ಓಡಿಬಂದ ಡೇವಿಡ್ ಪರ್ಲಿ ಒಬ್ಬಂಟಿಯಾಗಿ ಆ ಕಾರನ್ನು ಮಗುಚಲು ಹೆಣಗಿದನು; ಸಮೀಪದಲ್ಲಿದ್ದ ಸಿಬ್ಬಂದಿಗೆ ಬೆಂಕಿ ತಡೆಯುವ ಉಡುಪಿರಲಿಲ್ಲ. 1978ರಲ್ಲಿ ಇಟಲಿಯ ಮೊಂಜಾದಲ್ಲಿ ಗಾಯಗೊಂಡ ರೋನಿ ಪೀಟರ್ಸನ್ನರಿಗೆ ನೆರವು ತಡವಾಗಿ ತಲಪಿತು. ಆ ವರ್ಷವೇ ಫಾರ್ಮುಲಾ ಒನ್ ಓಟಗಳ ವೈದ್ಯಾಧಿಕಾರಿಯಾಗಿ ಬಂದಿದ್ದ ಲಂಡನ್ನಿನ ನರಶಸ್ತ್ರವೈದ್ಯ ಸಿಡ್ ವಾಟ್ಕಿನ್ಸ್ ಅನಂತರ ಪಟ್ಟುಹಿಡಿದು, ಮೊದಲ ಸುತ್ತಿನಲ್ಲಿ ಸ್ಪರ್ಧಿಗಳ ಬೆನ್ನ ಹಿಂದೆಯೇ ವೈದ್ಯರ ಕಾರು ಓಡುವಂತೆ ಮಾಡಿದರು. ಸಾವನ್ನು ವಿಧಿಯ ಬಾಬತ್ತಿನಿಂದ ತೆಗೆದು ಕಾರಣಕಾರ್ಯಗಳ ಬಾಬತ್ತಿಗೆ ವರ್ಗಾಯಿಸಿದವರಲ್ಲಿ ಈ ವೈದ್ಯರು ಅಗ್ರಗಣ್ಯರು.

1982ರ ಬಳಿಕ ಹನ್ನೆರಡು ವರ್ಷ ಫಾರ್ಮುಲಾ ಒನ್ ಸ್ಪರ್ಧೆಯ ದಿನಗಳಲ್ಲಿ ಚಾಲಕರ ಸಾವು ಸಂಭವಿಸಲಿಲ್ಲ. 1994ರ ಏಪ್ರಿಲ್ 30ರಂದು ರೋಲಾಂಡ್ ರಾಟ್ಜೆನ್‌ಬರ್ಗರ್, ಮರುದಿನ ಐರ್ಟನ್ ಸೆನ್ನಾ, ಇಬ್ಬರೂ ಇಮೋಲಾದಲ್ಲಿ ಮಡಿದಾಗ ಆ ನೆಮ್ಮದಿ ಒಡೆಯಿತು. ಅಲ್ಲಿಂದ ಮುಂದೆ ಚಾಲಕನ ತಲೆಯ ಇಕ್ಕೆಲಗಳ ಗೋಡೆ ಎತ್ತರವಾಯಿತು, ಅಪ್ಪಳಿಸುವ ಪರೀಕ್ಷೆಗಳು ಕಠಿನವಾದುವು. ದೇಹವನ್ನು ಪಟ್ಟಿಗಳು ಬಿಗಿದು ಹಿಡಿದಾಗ ತಲೆ ಮಾತ್ರ ಮುಂದಕ್ಕೆ ಚಿಮ್ಮಿ ತಲೆಬುರುಡೆಯ ಬುಡ ಮುರಿಯುವುದೆಂಬುದನ್ನು ಅರಿತ ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಹಬಾರ್ಡ್, ಹೆಲ್ಮೆಟ್ಟನ್ನು ಹೆಗಲಿಗೆ ಕಟ್ಟಿಹಿಡಿಯುವ ಹ್ಯಾನ್ಸ್ ಸಾಧನವನ್ನು 1980ರ ದಶಕದಲ್ಲಿಯೇ ರೂಪಿಸಿದ್ದರು. 2001ರ ಫೆಬ್ರವರಿಯಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ಡೇಟೋನಾದಲ್ಲಿ ಸತ್ತ ಮೇಲಷ್ಟೆ ಅಮೆರಿಕದ ಕಾರು ಓಟದ ಸಂಸ್ಥೆ ನಾಸ್ಕಾರ್ ಅದನ್ನು ಕಡ್ಡಾಯದ ಪಟ್ಟಿಗೆ ಸೇರಿಸಿತು. 2018ರಲ್ಲಿ ತಲೆಯ ಮೇಲೆ ಬಂದ ಹೇಲೋ ಕಮಾನನ್ನು ಕುರೂಪವೆಂದು ಜರೆದವರೇ, 2020ರ ನವೆಂಬರಿನಲ್ಲಿ ಬಹ್ರೇನಿನ ಬೆಂಕಿಯೊಳಗಿಂದ ರೊಮೇನ್ ಗ್ರೋಜಾನ್ ನಡೆದು ಬಂದಾಗ ಮಾತು ಬದಲಿಸಿದರು.

ಕಾರಿನವನಿಗೆ ಸುತ್ತಲೂ ಕೋಟೆಯುಂಟು. ಬೈಕಿನವನಿಗೆ ತನ್ನ ಚರ್ಮವೇ ಕೋಟೆ. ಆತನಿಗೆ ಬೇಕಾದುದು ಉರುಳಲು ಅಗಲವಾದ ನೆಲ, ಜಲ್ಲಿಯ ಹಾಸು, ಹಿಂದಿನಿಂದ ಬರುವವನಿಗೂ ತನಗೂ ನಡುವೆ ಅಂತರ. ಕಡಮೆ ಶಕ್ತಿಯ ಬೈಕುಗಳ ಕಿರಿಯರ ಓಟದಲ್ಲಿ ಎಲ್ಲರೂ ಗುಂಪಾಗಿ ಸಾಗುವುದರಿಂದ ಆ ಅಂತರವೇ ಇರುವುದಿಲ್ಲ. 2021ರ ಒಂದೇ ವರ್ಷದಲ್ಲಿ 19ರ ಜೇಸನ್ ಡುಪಾಸ್ಕಿಯೆ, 14ರ ಹ್ಯೂಗೊ ಮಿಲ್ಯಾನ್, 15ರ ಡೀನ್ ಬೆರ್ತಾ ವಿನ್ಯಾಲೆಸ್, ಮೂವರೂ ಬಿದ್ದ ಬಳಿಕ ಹಿಂದಿನಿಂದ ಬಂದ ಬೈಕುಗಳಿಗೆ ಸಿಕ್ಕಿ ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವು ವಿಶ್ವಸ್ಪರ್ಧೆಗೆ ಕನಿಷ್ಠ ವಯಸ್ಸನ್ನು 2023ರಿಂದ 18ಕ್ಕೆ ಏರಿಸುವುದಾಗಿಯೂ, ಕೆಳಗಿನ ಕೆಲವು ವರ್ಗಗಳಲ್ಲಿ ಸ್ಪರ್ಧಿಗಳ ಸಂಖ್ಯೆಯನ್ನು ಇಳಿಸುವುದಾಗಿಯೂ ಸಾರಿತು.

ಆ 2023ರ ಆಗಸ್ಟ್ 5ರಂದೇ, ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಬೈಕ್ ಸ್ಪರ್ಧೆಯ ಮೂರನೆಯ ಸುತ್ತಿನ ಹೊಸಬರ ಓಟದಲ್ಲಿ, ಬೆಂಗಳೂರಿನ ಶ್ರೇಯಸ್ ಹರೀಶ್ ಮೊದಲ ತಿರುವನ್ನು ದಾಟುತ್ತಲೇ ಬಿದ್ದು, ತಲೆಗೆ ಪೆಟ್ಟಾಗಿ ಪ್ರಾಣಬಿಟ್ಟನು. ಹತ್ತು ದಿನಗಳ ಹಿಂದೆಯಷ್ಟೆ ಅವನಿಗೆ 13 ತುಂಬಿತ್ತು. ಆ ವರ್ಷ ಸತತವಾಗಿ ನಾಲ್ಕು ಓಟಗಳನ್ನು ಗೆದ್ದಿದ್ದ ಬಾಲಕ. ಮಲೇಷ್ಯಾದ ಸ್ಪರ್ಧೆಗೆ ಹೊರಡುವ ಸಿದ್ಧತೆಯಲ್ಲಿದ್ದವನು. ಟ್ರ್ಯಾಕಿನಲ್ಲಿ ಆಂಬುಲೆನ್ಸು ಸಿದ್ಧವಾಗಿತ್ತು, ಓಟವನ್ನು ಕೂಡಲೇ ನಿಲ್ಲಿಸಿದರು, ಉಳಿದ ಓಟಗಳನ್ನೂ ರದ್ದುಪಡಿಸಿದರು. ಅದೇ ಟ್ರ್ಯಾಕಿನಲ್ಲಿ ಆ ವರ್ಷದ ಜನವರಿಯಲ್ಲಿ 59ರ ವಯಸ್ಸಿನ ಅನುಭವಿ ಕಾರ್ ಚಾಲಕ ಕೆ. ಇ. ಕುಮಾರ್ ಕೂಡ ತೀರಿಕೊಂಡಿದ್ದರು. ಐವತ್ತೊಂಬತ್ತರವರು ಅಪಾಯವನ್ನು ತೂಗಿನೋಡಿ ಒಪ್ಪಿಕೊಂಡವರು. ಹದಿಮೂರರವನ ಪರವಾಗಿ ತೂಗುವವರು ನಾವು.

ಪ್ರತಿಭೆಯುಳ್ಳ ಮಕ್ಕಳನ್ನು ಮನೆಯಲ್ಲಿ ಕೂರಿಸಬೇಕೆಂದು ನಾನು ಹೇಳುವುದಿಲ್ಲ, ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಡಾಕಾರನ್ನು ಪೂರೈಸಿದಾಗ ನಾಡು ಹೆಮ್ಮೆಪಟ್ಟುದು ಸಹಜವೇ. ಆದರೆ ವಿಮಾನ ಬಿದ್ದಾಗ ತನಿಖೆಯ ವರದಿಯನ್ನು ಸಾರ್ವಜನಿಕರ ಮುಂದಿಡುವ ಹಾಗೆ, ಟ್ರ್ಯಾಕಿನಲ್ಲಿ ಪ್ರಾಣಹೋದಾಗಲೆಲ್ಲ ಅದರ ಪರಿಶೀಲನೆಯೂ ಕನ್ನಡದಲ್ಲಿ, ತಮಿಳಿನಲ್ಲಿ ತಂದೆತಾಯಿಗಳ ಕೈಸೇರಬೇಕು: ತಿರುವಿನಾಚೆ ಎಷ್ಟು ನೆಲವಿತ್ತು, ಒಟ್ಟಿಗೆ ಎಷ್ಟು ಮಂದಿ ಹೊರಟರು, ಹೆಲ್ಮೆಟ್ಟು ಆ ವಯಸ್ಸಿನ ತಲೆಗೂ ಕುತ್ತಿಗೆಗೂ ಒಪ್ಪುವಂಥದಾಗಿತ್ತೇ, ಬಿದ್ದವನನ್ನು ಹಿಂದಿನವರು ಕಾಣುವಷ್ಟು ಅಂತರವಿತ್ತೇ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ತಂದೆ ಇವನ್ನು ಕೇಳಬೇಕು. ಉತ್ತರ ದೊರೆಯುವ ತನಕ ಮಗನ ಬೈಕು ಟ್ರ್ಯಾಕಿಗೆ ಇಳಿಯಕೂಡದು.