ಮರದಲ್ಲಿ ಉಳಿದ ರಾಜಧಾನಿ ನಾರಾ

ಕಲ್ಲು ಕಾಲವನ್ನು ಗೆಲ್ಲುತ್ತದೆ, ಮರ ಗೆಲ್ಲಲಾರದು ಎಂಬುದು ಲೋಕದ ಮಾತು. ಜಪಾನಿನ ನಾರಾ ನಗರವನ್ನು ಕಂಡವರು ಈ ಮಾತನ್ನು ಒಪ್ಪುವುದು ಕಷ್ಟ. ಮಳೆ, ಬಿರುಗಾಳಿ, ಭೂಕಂಪ, ಬೆಂಕಿ ಇವೆಲ್ಲಕ್ಕೂ ಸುಲಭವಾಗಿ ತುತ್ತಾಗಬಲ್ಲ ಮರದ ಗುಡಿಗಳು ಅಲ್ಲಿ ಶತಮಾನಗಳಿಂದ ತಲೆಯೆತ್ತಿ ನಿಂತಿವೆ. ಬಿದ್ದವನ್ನು ಜನ ಮತ್ತೆ ಕಟ್ಟಿದ್ದಾರೆ.

ಕ್ಯೋಟೋ ನಗರದಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೊರಟರೆ ಒಂದು ಗಂಟೆಯೊಳಗೆ ನಾರಾ ಸಿಗುತ್ತದೆ. ಕ್ರಿ. ಶ. 710ರಿಂದ 784ರವರೆಗೆ, ನಡುವಣ ಕೆಲವು ವರ್ಷಗಳನ್ನು ಬಿಟ್ಟರೆ, ಇದೇ ಜಪಾನಿನ ರಾಜಧಾನಿಯಾಗಿತ್ತು. ಅನಂತರ ಸಿಂಹಾಸನ ಬೇರೆಡೆಗೆ ಹೋಯಿತು, ಗುಡಿಗಳು ಉಳಿದುವು.

ಪ್ರವಾಸಿಯನ್ನು ಮೊದಲು ಎದುರುಗೊಳ್ಳುವವು ಜಿಂಕೆಗಳು. ಕಸುಗಾ ದೇವಾಲಯದ ದೇವರು ಬಿಳಿಯ ಜಿಂಕೆಯನ್ನೇರಿ ಬಂದನೆಂಬ ಐತಿಹ್ಯವಿರುವುದರಿಂದ ಅವುಗಳನ್ನು ಯಾರೂ ನೋಯಿಸುವುದಿಲ್ಲ. ಸಾವಿರಕ್ಕೂ ಹೆಚ್ಚು ಜಿಂಕೆಗಳು ಉದ್ಯಾನದಲ್ಲಿ ಸ್ವೇಚ್ಛೆಯಾಗಿ ಅಲೆಯುತ್ತವೆ. ಅಕ್ಕಿಯ ತೌಡು ಬೆರೆಸಿ ಮಾಡಿದ ಬಿಲ್ಲೆಗಳನ್ನು ಕೊಂಡು ಕೈಯಲ್ಲಿ ಹಿಡಿದರೆ ಸಾಕು, ತಲೆಬಾಗಿಸಿ ವಂದಿಸುತ್ತವೆ. ಕೊಡಲು ತಡಮಾಡಿದರೆ ವಿನಯವನ್ನು ಮರೆತು ಕೋಟಿನ ಅಂಚನ್ನು ಹಿಡಿದೆಳೆಯುತ್ತವೆ! ಕಾಡಿನಂಚಿನ ಕಸುಗಾ ದೇವಾಲಯದಲ್ಲಿ ಸುಮಾರು 3,000 ದೀಪಗಳಿವೆ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಉತ್ಸವಗಳಲ್ಲಿ ಅವೆಲ್ಲವನ್ನೂ ಬೆಳಗುತ್ತಾರೆ.

ನಾರಾದ ಕೀರ್ತಿಗೆ ಮೂಲವಾದುದು ತೋದಾಯಿಜಿ ದೇವಾಲಯದ ಮಹಾಬುದ್ಧ. 735ರಿಂದ ಎರಡು ಮೂರು ವರ್ಷ ಸಿಡುಬಿನ ಮಾರಿ ಜಪಾನನ್ನು ತತ್ತರಿಸುವಂತೆ ಮಾಡಿತ್ತು. ನೊಂದ ಶೋಮು ಚಕ್ರವರ್ತಿ 743ರಲ್ಲಿ ಬುದ್ಧನ ಬೃಹತ್ ಕಂಚಿನ ವಿಗ್ರಹವನ್ನು ಎರೆಯಿಸುವ ಆಜ್ಞೆ ಹೊರಡಿಸಿದನು. ಒಂದು ಹುಲ್ಲುಕಡ್ಡಿಯನ್ನೋ ಒಂದು ಹಿಡಿ ಮಣ್ಣನ್ನೋ ತರಬಲ್ಲ ಬಡವನನ್ನೂ ಈ ಕಾರ್ಯದಲ್ಲಿ ಸೇರಿಸಿಕೊಳ್ಳಬೇಕೆಂಬುದು ಅವನ ಇಚ್ಛೆಯಾಗಿತ್ತು. 752ರಲ್ಲಿ ನೇತ್ರೋನ್ಮೀಲನ ಮಹೋತ್ಸವ ನಡೆಯಿತು. ವಿಗ್ರಹದ ಕಣ್ಣುಗಳನ್ನು ಬರೆದು ತೆರೆದವನು ಭಾರತೀಯ! 736ರಲ್ಲಿ ಜಪಾನಿಗೆ ಬಂದಿದ್ದ ಬೋಧಿಸೇನನೆಂಬ ಭಿಕ್ಷು ಅವನು. ಅವನ ಕುಂಚಕ್ಕೆ ನೀಲಿಯ ನೀಳವಾದ ದಾರವೊಂದನ್ನು ಕಟ್ಟಿದ್ದರು. ನೆರೆದವರು ಅದನ್ನು ಹಿಡಿದು ಪುಣ್ಯದಲ್ಲಿ ಪಾಲುಗೊಂಡರು. ಆ ದಾರವೂ ಕುಂಚವೂ ಶೋಸೋಯಿನ್ ಎಂಬ ಭಂಡಾರದಲ್ಲಿ ಇಂದಿಗೂ ಸುರಕ್ಷಿತವಾಗಿವೆ.

ವಿಗ್ರಹದ ಎತ್ತರ ಸುಮಾರು 49 ಅಡಿ. ಯುದ್ಧದ ಬೆಂಕಿಯಲ್ಲಿ 1180ರಲ್ಲಿ ಒಮ್ಮೆ, 1567ರಲ್ಲಿ ಮತ್ತೊಮ್ಮೆ ಮಂದಿರ ಉರಿದುಹೋಯಿತು. ಎರಡನೆಯ ಅನಾಹುತದ ಬಳಿಕ ಬುದ್ಧನು ಬಹುಕಾಲ ಮಳೆಬಿಸಿಲಿನಲ್ಲಿ ಕುಳಿತಿದ್ದನು. ಕೊನೆಗೆ ಕೋಕೇ ಎಂಬ ಭಿಕ್ಷು ಊರೂರು ತಿರುಗಿ ಕಾಣಿಕೆ ಕೂಡಿಸಿ ವಿಗ್ರಹವನ್ನು ಸರಿಪಡಿಸಿದನು. ಮಂದಿರ 1709ರಲ್ಲಿ ಪೂರ್ಣವಾಗುವುದನ್ನು ಕಾಣಲು ಅವನು ಬದುಕಿರಲಿಲ್ಲ. ಈಗಿನ ಮಂದಿರದ ಅಗಲ ಹಳೆಯದರ ಮೂರರಲ್ಲಿ ಎರಡು ಪಾಲು ಮಾತ್ರ. ಆದರೂ ನೋಡುವವರ ಕತ್ತು ನೋಯುವಷ್ಟು ಎತ್ತರ! ಕಂಬವೊಂದರ ಬುಡದಲ್ಲಿ ಬುದ್ಧನ ಮೂಗಿನ ಹೊಳ್ಳೆಯಷ್ಟೇ ದೊಡ್ಡದೆನ್ನುವ ರಂಧ್ರವಿದೆ. ಅದರಲ್ಲಿ ನುಸುಳಿದವರಿಗೆ ಶುಭವೆಂಬ ನಂಬಿಕೆ ಮಕ್ಕಳಿಗೆ ಬಹು ಪ್ರಿಯ.

ನಗರದ ಪಶ್ಚಿಮಕ್ಕೆ ತೋಶೋದಾಯಿಜಿ ಇದೆ. ಇದನ್ನು 759ರಲ್ಲಿ ಸ್ಥಾಪಿಸಿದ ಚೀನೀ ಗುರು ಗಂಜಿನ್, ಜಪಾನಿಗೆ ಬರಲು ಐದು ಸಲ ಹೊರಟು ವಿಫಲನಾಗಿ, ದೃಷ್ಟಿ ಕಳೆದುಕೊಂಡ ಮೇಲೂ ಆರನೆಯ ಸಲ ಹೊರಟು ಬಂದು ತಲುಪಿದವನು.

ನೈರುತ್ಯಕ್ಕೆ, ನಗರದ ಹೊರಗೆ, ಹೋರ್ಯೂಜಿ. ಜಗತ್ತಿನಲ್ಲಿ ಉಳಿದಿರುವ ಅತಿ ಪ್ರಾಚೀನವಾದ ಮರದ ಕಟ್ಟಡಗಳು ಇಲ್ಲಿವೆ. ಇಲ್ಲಿಯ ಭಿತ್ತಿಚಿತ್ರಗಳನ್ನು ವಿದ್ವಾಂಸರು ಅಜಂತೆಯ ಚಿತ್ರಗಳಿಗೆ ಹೋಲಿಸುತ್ತಿದ್ದರು. 1949ರ ಜನವರಿ 26ರಂದು ಹೊತ್ತಿಕೊಂಡ ಬೆಂಕಿಯಲ್ಲಿ ಅವು ಕರಕಾದುವು. ದೇಶವೇ ಮರುಗಿತು. ಮರುವರ್ಷವೇ ಸಾಂಸ್ಕೃತಿಕ ಸಂಪತ್ತನ್ನು ರಕ್ಷಿಸುವ ಶಾಸನ ಬಂದಿತು. ಈಗ ಪ್ರತಿವರ್ಷ ಅದೇ ದಿನ ಪ್ರಾಚೀನ ಗುಡಿಗಳಲ್ಲಿ ಬೆಂಕಿ ನಂದಿಸುವ ಅಭ್ಯಾಸ ನಡೆಯುತ್ತದೆ.

ಹೋರ್ಯೂಜಿಯ ಬಡಗಿಗಳ ಮನೆತನದಲ್ಲಿ ಹುಟ್ಟಿದವರು ನಿಶಿಯೋಕಾ ತ್ಸುನೆಕಾಜು. ತೋಶೋದಾಯಿಜಿಗೆ ಸಮೀಪದ ಯಾಕುಶಿಜಿಯಲ್ಲಿ 730ರ ಪೂರ್ವ ಗೋಪುರ ಉಳಿದಿತ್ತು. ಪಶ್ಚಿಮ ಗೋಪುರ 1528ರಲ್ಲಿ ಸುಟ್ಟುಹೋಗಿತ್ತು. ಸೂತ್ರಗ್ರಂಥವನ್ನು ಕೈಯಾರೆ ನಕಲುಮಾಡಿ ಕಾಣಿಕೆಯೊಡನೆ ಒಪ್ಪಿಸಿದ ಅಸಂಖ್ಯಾತ ಭಕ್ತರಿಂದ ಈ ದೇವಾಲಯದ ಜೀರ್ಣೋದ್ಧಾರಕ್ಕೆ ಹಣ ಕೂಡಿತು. 1981ರಲ್ಲಿ ಪಶ್ಚಿಮ ಗೋಪುರ ಮತ್ತೆ ಎದ್ದಿತು. ನಿಶಿಯೋಕಾ ಅವರು ಅದನ್ನು ಹಳೆಯದಕ್ಕಿಂತ ಸುಮಾರು ಒಂದು ಅಡಿ ಎತ್ತರವಾಗಿ ಕಟ್ಟಿಸಿದರು. ಮರ ತನ್ನ ಭಾರಕ್ಕೆ ತಾನೇ ಕುಗ್ಗುತ್ತ ಹೋಗುವುದರಿಂದ, ಶತಮಾನಗಳು ಕಳೆದಾಗ ಎರಡೂ ಸಮನಾಗುವುವೆಂಬುದು ಅವರ ಲೆಕ್ಕ.

ಹಲವರು ಒಂದೇ ಹಗಲಿನಲ್ಲಿ ಜಿಂಕೆಗಳನ್ನೂ ಮಹಾಬುದ್ಧನನ್ನೂ ನೋಡಿ ಕ್ಯೋಟೋಗೆ ಮರಳುತ್ತಾರೆ. ಇನ್ನೊಂದು ದಿನ ಉಳಿಯುವವರು ಯಾಕುಶಿಜಿಯ ಅಂಗಳಕ್ಕೆ ಹೋಗಿ ಆ ಜೋಡಿ ಗೋಪುರಗಳನ್ನು ನೋಡಬೇಕು: ಒಂದು ಮಾಸಿದ ಬಣ್ಣದ ಮುದುಕ, ಇನ್ನೊಂದು ಕೆಂಪು ಹಸಿರಿನ ಯುವಕ. ಇಬ್ಬರೂ ಎತ್ತರದಲ್ಲಿ ಸಮನಾಗುವ ದಿನವನ್ನು ಇಂದಿನವರಾರೂ ಕಾಣುವಂತಿಲ್ಲ.