ಮಣ್ಣು ತಿನ್ನುವ ಮರಿಗಳು

ಹಂದಿಗೂಡಿನಲ್ಲಿ ಮೊದಲು ಬಾಡುತ್ತಿದ್ದದ್ದು ಬಡಕಲು ಮರಿಯಲ್ಲ, ಚೆನ್ನಾಗಿ ಹಾಲು ಕುಡಿದು ದುಂಡಗೆ ಬೆಳೆದದ್ದು. ಮೂರನೆಯ ವಾರದ ಹೊತ್ತಿಗೆ ಅದರ ಕಿವಿ ಬಿಳಿಚಿಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆ ಓಡಿದರೆ ಪಕ್ಕೆ ಎಗರುವಂತೆ ಏದುಸಿರು. ಒಂದು ಬೆಳಗ್ಗೆ ನೋಡಿದರೆ ಸತ್ತು ಬಿದ್ದಿರುತ್ತಿತ್ತು. ಯುರೋಪು, ಅಮೆರಿಕದ ರೈತರು ಚಳಿಗೆ ಹೆದರಿ ಹೆರುವ ಹಂದಿಗಳನ್ನು ಬಯಲಿನಿಂದ ಒಳಗೆ ತಂದು, ತೊಳೆಯಲು ಸುಲಭವೆಂದು ಕಾಂಕ್ರೀಟು ನೆಲ ಹಾಕಿಸಿದ ಕಾಲ ಅದು. ನೆಲ ಚೊಕ್ಕಟವಾದಷ್ಟೂ ಮರಿಗಳು ಸಾಯುತ್ತಿದ್ದವು. ಗೂಡು ಇಕ್ಕಟ್ಟು, ಬಿಸಿಲು ಸಾಲದು, ಓಡಾಟವಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ತಪ್ಪೆಲ್ಲ ಗೂಡಿನದೇ ಎಂಬ ಗುಮಾನಿ ಒಂದರ್ಥದಲ್ಲಿ ಸರಿಯೇ ಇತ್ತು. ಗೂಡಿನಲ್ಲಿ ಏನು ಇಲ್ಲ ಎನ್ನುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

1923ರಲ್ಲಿ ಸ್ಕಾಟ್ಲೆಂಡಿನ ಮೆಕ್‌ಗೋವನ್ ಮತ್ತು ಕ್ರೈಟನ್ ಇದು ಕಬ್ಬಿಣದ ಕೊರತೆ ಎಂದು ತೋರಿಸಿದರು. ತಾಯಿಹಂದಿಯ ಮೇವಿಗೆ ಧಾರಾಳವಾಗಿ ಕಬ್ಬಿಣ ಬೆರೆಸಿದರೆ ಮರಿಗಳು ಚೇತರಿಸಿಕೊಳ್ಳುತ್ತಿದ್ದವು. ತಾಯಿ ತಿಂದದ್ದು ಹಾಲಿಗೆ ಇಳಿಯಿತು ಎಂದುಕೊಳ್ಳುವುದು ಸಹಜ. ಆದರೆ ತಾಯಿಗೆ ಎಷ್ಟೇ ಕಬ್ಬಿಣ ತಿನ್ನಿಸಿದರೂ ಹಾಲಿನಲ್ಲಿ ಅದು ಹೆಚ್ಚುವುದೇ ಇಲ್ಲವೆನ್ನಬಹುದು. ಹಾಗಾದರೆ ಮರಿಗಳಿಗೆ ಸಿಕ್ಕಿದ್ದು ಎಲ್ಲಿಂದ? ಉತ್ತರ ಅಷ್ಟೇನೂ ಶುಚಿಯಾದದ್ದಲ್ಲ: ತಾಯಿಯ ಮಲದಿಂದ. ಕರಗದೆ ಹೊರಬಿದ್ದ ಕಬ್ಬಿಣ ಅದರಲ್ಲಿರುತ್ತಿತ್ತು, ಮರಿಗಳು ಮೂತಿಯಿಟ್ಟು ಕೆದಕಿ ತಿನ್ನುತ್ತಿದ್ದವು. ಮದ್ದು ಕೆಲಸ ಮಾಡಿದ್ದು ನಿಜ, ಹೋದ ದಾರಿ ಬೇರೆ.

ಇದರ ಹಿಂದಿನ ಲೆಕ್ಕ ಸರಳ. ಹುಟ್ಟುವಾಗ ಮರಿಯ ಮೈಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣ, ಅದರಲ್ಲೂ ಬಹುಪಾಲು ಆಗಲೇ ರಕ್ತದಲ್ಲಿ ಸೇರಿರುತ್ತದೆ. ದಿನಕ್ಕೆ ಬೇಕಾಗುವುದು 7 ಮಿಲಿಗ್ರಾಂ, ಹಾಲಿನಿಂದ ದಕ್ಕುವುದು ಒಂದೇ ಒಂದು. ಹುಟ್ಟಿದಾಗ ಒಂದೂವರೆ ಕಿಲೋ ಆಸುಪಾಸಿನ ಮರಿ ವಾರದಲ್ಲಿ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ, ಮೂರು ವಾರಕ್ಕೆ ನಾಲ್ಕು ಪಟ್ಟು. ಮೈ ಬೆಳೆದಂತೆ ರಕ್ತವೂ ಬೆಳೆಯಬೇಕು. ಹೆಚ್ಚು ಹಾಲು ಕುಡಿದು ಬೇಗ ಬೆಳೆದ ಮರಿಗೇ ಮೊದಲು ಸಾಲ ಬೀಳುತ್ತಿತ್ತು. ದುಂಡು ಮರಿ ಸತ್ತದ್ದು ಇದಕ್ಕೇ.

ಹಾಗಾದರೆ ಕಾಡುಹಂದಿಯ ಮರಿ ಹೇಗೆ ಬದುಕುತ್ತದೆ? ಮಣ್ಣು ತಿಂದು. ನಮ್ಮ ಕೇರಿಗಳಲ್ಲಿ ಚರಂಡಿ ಪಕ್ಕ ಕೆದಕುತ್ತ ಬೆಳೆಯುವ ಮರಿಗಳೂ ಅಷ್ಟೇ. ಹೊಲದಿಂದ ಹುಲ್ಲುಬೇರಿನ ಸಮೇತ ಮಣ್ಣಹೆಂಟೆ ಅಗೆದು ತಂದು ಗೂಡಿಗೆ ಹಾಕಿದರೆ ಮರಿಗಳು ಕೆಂಪಾಗುತ್ತವೆಂದು ರೈತರು ಅನುಭವದಿಂದ ಕಂಡುಕೊಂಡರು. ವಿಸ್ಕಾನ್ಸಿನ್‌ನಲ್ಲಿ ಹಾರ್ಟ್ ಮತ್ತು ಎಲ್ವೆಹ್ಜೆಮ್ ಅವರ ತಂಡ 1928ರಲ್ಲಿ ಇಲಿಗಳಲ್ಲಿ ಇನ್ನೊಂದು ಎಳೆ ಹಿಡಿದಿತ್ತು: ಕಬ್ಬಿಣ ರಕ್ತವಾಗಬೇಕಾದರೆ ಚಿಟಿಕೆ ತಾಮ್ರವೂ ಬೇಕು. ಎರಡು ವರ್ಷದಲ್ಲಿ ಅವರು ಅದೇ ಜೋಡಿಯನ್ನು ಹಂದಿಮರಿಗಳ ಮೇಲೂ ನೋಡಿದರು. ಮಣ್ಣಿನಲ್ಲಿ ಎರಡೂ ಇರುತ್ತವೆ. ಮೇವಿನ ಪಟ್ಟಿಯಲ್ಲಿ ಯಾರೂ ಬರೆಯದ ಮಣ್ಣೇ ಮರಿಗಳ ಊಟದ ಒಂದು ಭಾಗವಾಗಿತ್ತು. ಕಾಂಕ್ರೀಟು ಅದನ್ನು ಮುಚ್ಚಿಬಿಟ್ಟಿತ್ತು.

ಆದರೆ ಮಣ್ಣಿನೊಂದಿಗೆ ಜಂತುಹುಳದ ಮೊಟ್ಟೆಯೂ ಬರುತ್ತದೆ. ಅದಕ್ಕೆ ಹೆದರಿದವರು ಕಬ್ಬಿಣದ ಉಪ್ಪಿನ ದ್ರಾವಣವನ್ನು ತಾಯಿಯ ಕೆಚ್ಚಲಿಗೆ ಬಳಿದರು, ಹಾಲಿನ ಜೊತೆ ಮರಿ ನೆಕ್ಕಲಿ ಎಂದು. ದಿನದಿನವೂ ಮಾಡಬೇಕಾದ ಕೆಲಸ ಅದು. ಚುಚ್ಚೋಣವೆಂದರೆ ಬರಿಯ ಕಬ್ಬಿಣದ ಉಪ್ಪು ಮೈಗೆ ವಿಷ. 1950ರ ದಶಕದ ನಡುವೆ ಇಂಗ್ಲೆಂಡಿನಿಂದ ಬಂದ ಐರನ್ ಡೆಕ್ಸ್‌ಟ್ರಾನ್ ಈ ತೊಡಕನ್ನು ಬಿಡಿಸಿತು. ಬ್ಯಾಕ್ಟೀರಿಯಾ ಸಕ್ಕರೆಯಿಂದ ಹೆಣೆಯುವ ಡೆಕ್ಸ್‌ಟ್ರಾನ್ ಎಂಬ ಉದ್ದನೆಯ ಎಳೆಯಲ್ಲಿ ಕಬ್ಬಿಣವನ್ನು ಸುತ್ತಿಟ್ಟಿದ್ದರಿಂದ ಅದು ಒಮ್ಮೆಲೇ ರಕ್ತಕ್ಕೆ ನುಗ್ಗದೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಹುಟ್ಟಿ ಮೂರು ದಿನದೊಳಗೆ ಕುತ್ತಿಗೆಗೆ 200 ಮಿಲಿಗ್ರಾಂ ಕೊಟ್ಟರೆ ಮರಿ ತಾನಾಗಿ ಮೇವು ತಿನ್ನುವವರೆಗೆ ಸಾಕು. ಇಂದು ಒಳಾಂಗಣದ ಹಂದಿ ಫಾರ್ಮ್ ಎಲ್ಲೇ ಇರಲಿ, ಸಾಮಾನ್ಯವಾಗಿ ಆ ಸೂಜಿ ಇರುತ್ತದೆ. ಬಯಲಿನಲ್ಲಿ ಹೆರುವ ಹಂದಿಗಳ ಮರಿಗಳಿಗೆ ಮಾತ್ರ ಎಷ್ಟೋ ಕಡೆ ಅದು ಬೇಕಾಗುವುದಿಲ್ಲ.